ಪಿಂಚಣಿ ಬಂತು, ರೊಟ್ಟಿ ಬಡಿಯೋರು ಯಾರು? ಕೊಪ್ಪಳ ಜಿಲ್ಲಾ ಉಸ್ತುವಾರಿ ಸಚಿವರಿಗೆ ಒಂದು ಪತ್ರ

ಮಾನ್ಯ ಸಚಿವರೇ, ನಮಸ್ಕಾರ.

ಒಮ್ಮೆ ಸುಗ್ಗಿ ಮುಗಿದ ಮೇಲೆ ಕುಷ್ಟಗಿ, ಯಲಬುರ್ಗಾ ಕಡೆಯ ಹಳ್ಳಿಗಳಿಗೆ ಬನ್ನಿ. ಭೂಮಿಪೂಜೆ ಇಲ್ಲದ ದಿನ ಬಂದರೆ ಇನ್ನೂ ಒಳ್ಳೆಯದು. ಆಗ ದುಡಿಯೋರೆಲ್ಲ ಗುಳೆ ಹೋಗಿರುತ್ತಾರೆ. ಬೆಂಗಳೂರು, ಮಂಗಳೂರು, ಗೋವಾ ಅಂತ ಕಟ್ಟಡದ ಕೆಲಸ ಹಿಡಿದಿರುತ್ತಾರೆ. ಊರಲ್ಲಿ ಉಳಿಯೋರು ಮುದುಕರು, ಲಕ್ವಾ ಹೊಡೆದು ಮಲಗಿದವರು, ಕಣ್ಣು ಕಾಣದವರು.

ಇವರಿಗೆ ಸರ್ಕಾರ ಏನೂ ಕೊಟ್ಟಿಲ್ಲ ಅಂತ ನಾನು ಹೇಳುವುದಿಲ್ಲ. ವೃದ್ಧರ ಪಿಂಚಣಿ ಯೋಜನೆ ಸಂಧ್ಯಾ ಸುರಕ್ಷಾದಲ್ಲಿ ತಿಂಗಳಿಗೆ 1,200 ರೂಪಾಯಿ ಬರುತ್ತದೆ. ರೇಷನ್ ಅಕ್ಕಿ ಇದೆ. ಹೆಂಗಸರಿಗೆ ಬಸ್ಸು ಫ್ರೀ, ಬಸ್ ಸ್ಟ್ಯಾಂಡ್ ತನಕ ನಡೆಯೋಕೆ ಆದರೆ. ಆದರೆ ಹಿಟ್ಟು ನಾದಿ ರೊಟ್ಟಿ ಬಡಿಯೋರು ಯಾರು? ನೀರು ಬಿಟ್ಟಾಗ ಎರಡು ಕೊಡ ಹಿಡಿದು ಒಳಗೆ ತಂದು ಇಡೋರು ಯಾರು? ಹಾಸಿಗೆಯಲ್ಲೇ ಇರೋರ ಬಟ್ಟೆ ಬದಲಿಸಿ, ಮೈ ಒರೆಸೋರು? 1,200 ರೂಪಾಯಿಗೆ ಈ ಕೆಲಸಕ್ಕೆ ಯಾರೂ ಸಿಗೋದಿಲ್ಲ. ನೆರೆಮನೆಯವರು ನೋಡ್ಕೋತಾರೆ ಅನ್ನೋಣ ಅಂದರೆ ಆ ಮನೆಗೂ ಬೀಗ.

ವಯಸ್ಸಿನ ಲೆಕ್ಕವೂ ನಮ್ಮ ಕಡೆ ಸರಿ ಹೊಂದುವುದಿಲ್ಲ. ನಮ್ಮ ಎಷ್ಟೋ ಊರುಗಳ ಬೋರ್‌ವೆಲ್ ನೀರಲ್ಲಿ ಫ್ಲೋರೈಡ್ ಜಾಸ್ತಿ ಅನ್ನೋದು ನಿಮಗೆ ಗೊತ್ತಿರುವುದೇ. ವರ್ಷಗಟ್ಟಲೆ ಆ ನೀರು ಕುಡಿದರೆ ಕೀಲು ಬಿಗಿಯುತ್ತದೆ, ಬೆನ್ನು ಬಾಗುತ್ತದೆ. ಐವತ್ತು ತುಂಬುವ ಮೊದಲೇ ಮಂಡಿ ಹಿಡಿದು ಏಳುವವರಿದ್ದಾರೆ. ಸಂಧ್ಯಾ ಸುರಕ್ಷಾಕ್ಕೆ 65 ಆಗಬೇಕು. ಅಲ್ಲಿಯವರೆಗೆ ಇವರು ಏನು ಮಾಡಬೇಕು?

ಜಪಾನಿನಲ್ಲಿ 2000ದ ಏಪ್ರಿಲ್‌ನಿಂದ ಆರೈಕೆ ವಿಮೆ ಅಂತ ಒಂದಿದೆ. ಅರ್ಜಿ ಹಾಕಿದವರ ಮನೆಗೆ ಅಧಿಕಾರಿಗಳು ಬಂದು ಎದ್ದು ಕೂರೋಕೆ ಆಗುತ್ತಾ, ಸ್ನಾನ ಮಾಡೋಕೆ ಆಗುತ್ತಾ ಅಂತ ನೋಡುತ್ತಾರೆ. ಅದರ ಮೇಲೆ ಎಷ್ಟು ನೆರವು ಅಂತ ಗೊತ್ತಾಗುತ್ತದೆ. ಆಮೇಲೆ ಅಡುಗೆಗೆ, ಸ್ನಾನಕ್ಕೆ ಸಹಾಯಕರು ಮನೆಗೇ ಬರುತ್ತಾರೆ. ಅಷ್ಟು ದೊಡ್ಡ ವ್ಯವಸ್ಥೆ ನಾನು ಕೇಳುತ್ತಿಲ್ಲ. ಆದರೆ ಮನೆಗೆ ಬಂದು ಕಣ್ಣಾರೆ ನೋಡಿ ತೀರ್ಮಾನಿಸುವ ಆ ಪದ್ಧತಿ ನಮಗೂ ಬೇಕು.

ನಮ್ಮಲ್ಲೇ ಒಂದು ಮಾದರಿ ಇದೆಯಲ್ಲ, ಕೂಸಿನ ಮನೆ. ಕೂಲಿಗೆ ಹೋಗುವ ತಾಯಂದಿರ ಮಕ್ಕಳನ್ನು ನೋಡಿಕೊಳ್ಳೋಕೆ ಊರಿನ ಹೆಂಗಸರಿಗೇ ತರಬೇತಿ ಕೊಟ್ಟು, ಕೂಲಿ ಕೊಟ್ಟು ಪಂಚಾಯಿತಿಯೇ ನಡೆಸುತ್ತದೆ. ಕೂಸಿಗೆ ಆಗುವುದು ಅಜ್ಜಿಗೆ ಯಾಕೆ ಆಗಬಾರದು? ಸಂಜೀವಿನಿ ಸ್ವಸಹಾಯ ಸಂಘದ ಹೆಂಗಸರು ಪ್ರತಿ ಊರಲ್ಲೂ ಇದ್ದಾರೆ. ಯಾರ ಮನೆಯಲ್ಲಿ ಯಾರು ಏಳಲಾರದೆ ಇದ್ದಾರೆ ಅನ್ನೋದು ಅಂಗವಿಕಲರಿಗಾಗಿ ಪಂಚಾಯಿತಿಯಲ್ಲಿರುವ ಪುನರ್ವಸತಿ ಕಾರ್ಯಕರ್ತರ (ವಿಆರ್‌ಡಬ್ಲ್ಯೂ) ಬಾಯಲ್ಲೇ ಇರುತ್ತದೆ. ಆಶಾ ಕಾರ್ಯಕರ್ತೆಯರ ತಲೆಗೆ ಮಾತ್ರ ಇದನ್ನೂ ಕಟ್ಟಬೇಡಿ, ದಯವಿಟ್ಟು. ಅವರ ಗೌರವಧನದ ಗೋಳೇ ಮುಗಿದಿಲ್ಲ.

ದುಡ್ಡು ಎಲ್ಲಿದೆ ಅಂತ ಕೇಳಬಹುದು. ಒಬ್ಬ ಸಹಾಯಕಿಗೆ ತಿಂಗಳಿಗೆ 10 ಸಾವಿರ ಅಂದುಕೊಳ್ಳಿ. ಪಂಚಾಯಿತಿಗೆ ಮೂವರು ಅಂದರೆ ವರ್ಷಕ್ಕೆ 3 ಲಕ್ಷ 60 ಸಾವಿರ. ಜಿಲ್ಲೆಯ ಸುಮಾರು 150 ಪಂಚಾಯಿತಿ ಸೇರಿದರೂ ಐದೂವರೆ ಕೋಟಿ ದಾಟುವುದಿಲ್ಲ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ ಬಜೆಟ್‌ನಲ್ಲಿ 5,000 ಕೋಟಿ ಅಂತ ನಿಮ್ಮ ಸರ್ಕಾರವೇ ಹೇಳಿದೆ. ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371 ಜೆ ವಿಧಿ ತಂದದ್ದು ಬರೀ ಸಿಸಿ ರಸ್ತೆಗಲ್ಲ ಅಲ್ವಾ?

ಇನ್ನು ಮಕ್ಕಳ ಜವಾಬ್ದಾರಿ ಅನ್ನುವ ಮಾತು. ಅದಕ್ಕೆ 2007ರ ಹಿರಿಯ ನಾಗರಿಕರ ಕಾಯ್ದೆ ಇದೆ, ಉಪವಿಭಾಗಾಧಿಕಾರಿ ಮುಂದೆ ಅರ್ಜಿ ಹಾಕಬಹುದು. ಆದರೆ ಮಗ ತಾಯಿಯನ್ನು ಬಿಟ್ಟು ಓಡಿಹೋಗಿಲ್ಲ, ಕೂಲಿಗೆ ಹೋಗಿದ್ದಾನೆ. ವಾರವಾರ ಫೋನ್ ಮಾಡುತ್ತಾನೆ, ಆದಷ್ಟು ದುಡ್ಡು ಕಳಿಸುತ್ತಾನೆ. ಅವನ ಮೇಲೆ ಕೇಸು ಹಾಕಿದರೆ ಅಜ್ಜಿಯ ಒಲೆ ಹತ್ತುತ್ತಾ?

ಇಡೀ ಜಿಲ್ಲೆಗೆ ಒಂದೇ ಸಲ ಆಗದಿದ್ದರೆ ಗುಳೆ ಜಾಸ್ತಿ ಹೋಗುವ ಕುಷ್ಟಗಿ ತಾಲ್ಲೂಕಿನ ಕೆಲವು ಪಂಚಾಯಿತಿಗಳಲ್ಲಿ ಶುರು ಮಾಡಿ. ದಿನಕ್ಕೆ ಎರಡು ತಾಸು ಸಾಕು, ಅಡುಗೆ, ನೀರು, ಸ್ನಾನ. ಜಿಲ್ಲೆಯ ಪ್ರಗತಿ ಪರಿಶೀಲಿಸುವ ಮುಂದಿನ ಕೆಡಿಪಿ ಸಭೆಯಲ್ಲಿ ಇದನ್ನು ಚರ್ಚೆಗೆ ಇಟ್ಟು, ಜನ ಊರು ಬಿಡುವ ಮೊದಲೇ ಪಟ್ಟಿ ಮಾಡಿಸಿ.

ಇಂತಿ,
ಕುಷ್ಟಗಿ ತಾಲ್ಲೂಕಿನ ಒಬ್ಬ ಮತದಾರ