ಗೆಳೆಯನಿಗೊಂದು ಪತ್ರ: ಅರವತ್ತಕ್ಕೆ ಶಾಲು, ಅರವತ್ತೈದಕ್ಕೆ ಪಿಂಚಣಿ

ಪ್ರಿಯ ಶಿವಣ್ಣ,

ನಿನ್ನ ಬೀಳ್ಕೊಡುಗೆಯ ಫೋಟೊ ನೋಡಿದೆ. ಶಾಲು, ಮೈಸೂರು ಪೇಟ, ಹಣ್ಣಿನ ಬುಟ್ಟಿ ಎಲ್ಲವೂ ಸರಿ, ಮುಖ ಮಾತ್ರ ಸಾಲ ಕೊಟ್ಟು ಕಳೆದುಕೊಂಡವನ ಹಾಗಿದೆ. “ಕಲ್ಲುಗುಂಡಿನಂತಿದ್ದೇನೆ, ಅರವತ್ತಕ್ಕೇ ಏಕೆ ಮನೆಗೆ ಕಳಿಸಿದರು?” ಎಂದು ಕೇಳಿದ್ದೀಯ.

ಇಲ್ಲಿ ಯೊಕೊಹಾಮಾದಲ್ಲಿ ಮಗನ ಮನೆಯ ಮುಂದೆ ರಸ್ತೆ ಅಗೆಯುತ್ತಿದ್ದಾರೆ. ಗುಂಡಿಯ ಪಕ್ಕ ಹೆಲ್ಮೆಟ್ ತೊಟ್ಟ ಒಬ್ಬ ಅಜ್ಜ, ಕೈಯಲ್ಲಿ ಕೆಂಪು ದೀಪದ ಕೋಲು. ಎಪ್ಪತ್ತು ದಾಟಿರಬೇಕು. ನಾನು ವಾಕಿಂಗ್ ಹೊರಟಾಗಲೆಲ್ಲ ಸೈಕಲ್ಲುಗಳನ್ನು ನಿಲ್ಲಿಸಿ, ಸೊಂಟ ಬಗ್ಗಿಸಿ ನಮಸ್ಕರಿಸಿ ದಾರಿ ಬಿಡುತ್ತಾರೆ. ಜಪಾನಿನವರಿಗೆ ದುಡಿಮೆಯೇ ಹುಚ್ಚು ಎಂದುಕೊಂಡಿದ್ದೆ. ಮಗ ಲೆಕ್ಕ ಬಿಡಿಸಿದ. ಇಲ್ಲಿ ವಯಸ್ಸಿನೊಂದಿಗೆ ಸಂಬಳವೂ ಏರುವ ಪದ್ಧತಿ, ಹಾಗಾಗಿ ಹಳಬರು ಕಂಪನಿಗೆ ಭಾರ. ಬಹುಪಾಲು ಕಡೆ ಇಂದಿಗೂ 60ಕ್ಕೆ ನಿವೃತ್ತಿ. ಪೂರ್ತಿ ಪಿಂಚಣಿ ಮಾತ್ರ 65ಕ್ಕೆ! ನಡುವಿನ ಐದು ವರ್ಷ ಹೊಟ್ಟೆಗೇನು? ಅದಕ್ಕೇ ಬಯಸಿದವರಿಗೆ 65ರವರೆಗೆ ಕೆಲಸ ಕೊಡಲೇಬೇಕೆಂದು ಕಾನೂನು ಮಾಡಿದ್ದಾರೆ. ಕಂಪನಿಗಳು ಹೊಸ ಕರಾರು ಬರೆಸಿಕೊಳ್ಳುತ್ತವೆ. ಅದೇ ಮೇಜು, ಹೆಚ್ಚುಕಡಿಮೆ ಅದೇ ಕೆಲಸ, ಸಂಬಳಕ್ಕೆ ಕತ್ತರಿ. ನೀನು ಕೆಲಸ ಕಲಿಸಿದ ಹುಡುಗನೇ ನಾಳೆ ನಿನ್ನ ರಜೆ ಅರ್ಜಿಗೆ ಸಹಿ ಹಾಕಬೇಕು. ನಿನಗೆ ಒಗ್ಗುತ್ತಿತ್ತೇ?

ಫ್ರಾನ್ಸಿನವರ ಗುಣವೇ ಬೇರೆ. 1982ರಲ್ಲಿ ಅಧ್ಯಕ್ಷ ಮಿತ್ತರಾಂ ಅವರ ಸರ್ಕಾರ ಪಿಂಚಣಿಯ ವಯಸ್ಸನ್ನು 65ರಿಂದ 60ಕ್ಕೆ ಇಳಿಸಿದ ಮೇಲೆ ಅದು ಅವರ ಪಾಲಿಗೆ ಗೆದ್ದ ಆಸ್ತಿ. 2010ರಲ್ಲಿ 62ಕ್ಕೆ ಏರಿಸಿದ್ದನ್ನು ನುಂಗಿಕೊಂಡರೂ, 2023ರಲ್ಲಿ 64 ಎಂದಾಗ ಕಸ ಎತ್ತುವವರು ಮುಷ್ಕರ ಹೂಡಿ ಪ್ಯಾರಿಸ್ಸಿನ ಬೀದಿಗಳಲ್ಲಿ ಚೀಲಗಳು ಗುಡ್ಡೆ ಬಿದ್ದವು. ಅವರ ಸಿಟ್ಟು ನನಗೆ ಅರ್ಥವಾಗುತ್ತದೆ. ಕಚೇರಿಯ ಕುರ್ಚಿಯಲ್ಲಿ 64 ಬೇರೆ, ಕಸದ ಲಾರಿಯ ಹಿಂದೆ 64 ಬೇರೆ. ಡೆನ್ಮಾರ್ಕಿನಲ್ಲಿ ಸರಾಸರಿ ಆಯುಷ್ಯ ಏರಿದಂತೆ ಪಿಂಚಣಿಯ ವಯಸ್ಸೂ ಏರುತ್ತದೆ, 2040ಕ್ಕೆ 70. ಅಮೆರಿಕದಲ್ಲಿ ವಯಸ್ಸಾಯಿತೆಂದು ಬಹುತೇಕ ಯಾರನ್ನೂ ಮನೆಗೆ ಕಳಿಸುವಂತಿಲ್ಲ. ಆದರೆ ಸರ್ಕಾರದ ಆರೋಗ್ಯ ವಿಮೆ ಹೆಚ್ಚಿನವರಿಗೆ ಸಿಗುವುದು 65ಕ್ಕೆ, ಅಲ್ಲಿಯವರೆಗೆ ಕಂಪನಿಯ ವಿಮೆಗಾಗಿ ಮಂಡಿನೋವು ನುಂಗಿಕೊಂಡು ದುಡಿಯುವವರಿದ್ದಾರೆ.

ನಿನ್ನ ಗಟ್ಟಿತನವನ್ನು ಯಾವ ದೇಶವೂ ಅಳೆಯುತ್ತಿಲ್ಲ, ಮಾರಾಯ. ನೀನು 2006ರ ಏಪ್ರಿಲ್‌ಗೆ ಮೊದಲೇ ರಾಜ್ಯ ಸರ್ಕಾರದ ಕೆಲಸಕ್ಕೆ ಸೇರಿದವನು, ಹಳೆಯ ಪಿಂಚಣಿ ಪದ್ಧತಿಯವನು, ಸಂಬಳ ನಿಂತ ಮರುತಿಂಗಳಿನಿಂದಲೇ ಪಿಂಚಣಿ. ಇದನ್ನು ಆ ಅಜ್ಜನಿಗೆ ಹೇಳಲು ನನಗೆ ಭಾಷೆ ಬರುವುದಿಲ್ಲ, ಅದೇ ಒಳ್ಳೆಯದಾಯಿತು. ಪಿಂಚಣಿ ಕಾಗದಗಳಿಗೆ ಜಂಟಿ ಫೋಟೊ ಕೇಳುತ್ತಾರೆ, ಅತ್ತಿಗೆಯೊಂದಿಗೆ ಬೇಗ ತೆಗೆಸು. ಈ ಸಲ ಸ್ವಲ್ಪ ನಗು.

ನಿನ್ನ,
ರಾಘು