ಬ್ರೇಕಪ್ ಹಾಡು ಬರೆಯುತ್ತಿರುವ ಗೆಳೆಯನಿಗೆ

ಪ್ರಿಯ ಗೆಳೆಯ,

ನೀನು ಕಳಿಸಿದ ಹಾಡು ಓದಿದೆ. ಪ್ರಾಸ ಚೆನ್ನಾಗಿ ಕೂತಿದೆ, ಟ್ಯೂನಿಗೂ ಒಗ್ಗುತ್ತದೆ. ಆದರೆ ಪಲ್ಲವಿಯಲ್ಲೇ ಹೃದಯ ಚೂರಾಗಿದೆ, ಕಣ್ಣೀರು ಹೊಳೆಯಾಗಿ ಹರಿದಿದೆ. ಇನ್ನು ಚರಣದಲ್ಲಿ ಹೇಳಲು ನಿನ್ನ ಹಾಡಿನ ನಾಯಕನಿಗೆ ಏನು ಉಳಿಯಿತು?

ಸ್ವೀಡನ್ನಿನ ಅಬ್ಬಾ ತಂಡದ 'ದಿ ವಿನ್ನರ್ ಟೇಕ್ಸ್ ಇಟ್ ಆಲ್' (ಗೆದ್ದವರಿಗೇ ಎಲ್ಲ) ಹಾಡನ್ನು ಒಮ್ಮೆ ಕೂತು ಕೇಳು. 1980ರದ್ದು. ಸಾಹಿತ್ಯ ಬ್ಯೋರ್ನ್ ಉಲ್ವೇಯಸ್ ಅವರದು, ಹಾಡಿದವರು ಅಗ್ನೇತಾ ಫೆಲ್ಟ್‌ಸ್ಕೋಗ್. ಇಬ್ಬರೂ ಗಂಡ ಹೆಂಡತಿಯಾಗಿದ್ದವರು, ಅಷ್ಟು ಹೊತ್ತಿಗೆ ಬೇರೆಯಾಗಿದ್ದರು. ಹಾಡಿನ ಬಲವೆಲ್ಲ ಈ ಸಂಗತಿಯಲ್ಲೇ ಇದೆ ಅಂತ ಜಾಸ್ತಿ ಜನ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಹಾಡಿನ ಕಥೆ ಕಲ್ಪನೆಯದು, ತಮ್ಮ ವಿಚ್ಛೇದನದಲ್ಲಿ ಗೆದ್ದವರು ಯಾರೂ ಇರಲಿಲ್ಲ ಎಂದು ಉಲ್ವೇಯಸ್ ಅವರೇ ಹೇಳಿದ್ದಾರೆ. ಅವರ ಮದುವೆಯ ವಿಷಯ ಏನೂ ಗೊತ್ತಿಲ್ಲದವರಿಗೂ ಈ ಹಾಡು ನಾಟುತ್ತದೆ.

ಸಾಹಿತ್ಯ ಗಮನಿಸು. ನಡೆದದ್ದರ ಬಗ್ಗೆ ಮಾತು ಬೇಡ ಅಂತಲೇ ಹಾಡಿನ ಹೆಣ್ಣು ತನ್ನಿಂದ ದೂರವಾದವನಿಗೆ ಹೇಳಲು ಶುರು ಮಾಡುತ್ತಾಳೆ. ಆಮೇಲೆ ಸುಮಾರು 5 ನಿಮಿಷ ಅದನ್ನೇ ಮಾತಾಡುತ್ತಾಳೆ. ಇಸ್ಪೀಟು, ದಾಳ, ತೀರ್ಪುಗಾರರು ಅಂತ ಆಟದ ಮಾತಿನ ಮರೆಯಲ್ಲಿ ನಿಲ್ಲಲು ನೋಡುತ್ತಾಳೆ. ನಡುವೆ ತಟ್ಟನೆ ಒಂದು ಪ್ರಶ್ನೆ ಬಾಯಿ ಜಾರುತ್ತದೆ: ನಾನು ಮುತ್ತು ಕೊಡುತ್ತಿದ್ದ ಹಾಗೇ ಅವಳೂ ಕೊಡುತ್ತಾಳಾ? ಕೇಳಬಾರದ ಪ್ರಶ್ನೆ ಅದು. ಕೇಳಿದ ಮೇಲೆ ಮುಖ ಉಳಿಸಿಕೊಳ್ಳಲು ಆಗುವುದಿಲ್ಲ. ನನ್ನ ಮಟ್ಟಿಗೆ ಇಡೀ ಹಾಡು ನಿಂತಿರುವುದು ಆ ಸಾಲಿನ ಮೇಲೆ.

ಕೊನೆಯ ಚರಣ ಇನ್ನೂ ಕಷ್ಟದ್ದು. ಮಾತು ಬೇಡ ಎಂಬ ಮಾತು ಮತ್ತೆ ಬರುತ್ತದೆ. ಈ ಸಲ ಕಾರಣ ಬೇರೆ. ಮಾತಾಡಿದರೆ ಅವನಿಗೆ ಬೇಜಾರಾಗಬಹುದು, ಅದಕ್ಕೆ. ಅವನು ಬಂದಿರುವುದು ಕೈಕುಲುಕಿ ಹೋಗಲು. ಅವನ ತೋಳಿನಲ್ಲೇ ತನ್ನ ಜಾಗ ಅಂದುಕೊಂಡಿದ್ದವಳು ಈಗ ಸಹೋದ್ಯೋಗಿಯ ಹಾಗೆ ಕೈ ನೀಡಬೇಕು. ತನ್ನ ಕಂಗಾಲು ಮುಖ ನೋಡಿ ಮುಜುಗರವಾದರೆ ಕ್ಷಮಿಸು ಅಂತಲೂ ಅನ್ನುತ್ತಾಳೆ. ಪೆಟ್ಟು ತಿಂದವಳೇ ಕ್ಷಮೆ ಕೇಳುತ್ತಾಳೆ! ಅವನನ್ನು ಎಲ್ಲೂ ಬೈದಿಲ್ಲ. ಬೈದಿದ್ದರೆ ನಮಗೆ ಹಗುರಾಗಿಬಿಡುತ್ತಿತ್ತು.

ಟ್ಯೂನಿನಲ್ಲೂ ಹೆಚ್ಚುಕಮ್ಮಿ ಎರಡೇ ತುಣುಕು, ಮತ್ತೆ ಮತ್ತೆ ಬರುತ್ತವೆ. ಬಿಟ್ಟುಹೋದವರನ್ನು ನೆನೆಯುವ ಮನಸ್ಸೂ ಹಾಗೇ ಸುತ್ತುತ್ತದೆ, ಅಲ್ವಾ?

ಈಗ ನಿನ್ನ ಎರಡನೇ ಚರಣಕ್ಕೆ ಬಾ. ಅವಳ ನಂಬರನ್ನು ಡಿಲೀಟ್ ಮಾಡಲಾಗದೆ ಬೇರೆ ಹೆಸರಲ್ಲಿ ಸೇವ್ ಮಾಡಿಕೊಂಡ ಸಾಲು ಅಲ್ಲಿದೆ. ಎಂಥ ಒಳ್ಳೆ ಸಾಲು! ಅದನ್ನು ಕಣ್ಣೀರಿನ ನಡುವೆ ಯಾಕೆ ಮುಳುಗಿಸಿದೆ? ಅಲ್ಲಿಯವರೆಗೂ ಅವನು ಚೆನ್ನಾಗಿದ್ದೇನೆ ಅಂತಲೇ ಹೇಳುತ್ತಿರಲಿ. ಹೊಸ ಕೆಲಸ, ಊರಿನ ಮಳೆ, ಅಮ್ಮನ ಮಂಡಿನೋವು, ಏನು ಬೇಕಾದರೂ ಮಾತಾಡಲಿ. ಆಮೇಲೆ ಆ ಸಾಲು ಬರಲಿ. ಅದಾದ ಮೇಲೆ ವಿವರಣೆ ಕೊಡಬೇಡ, ನೇರ ಪಲ್ಲವಿಗೆ ಹೋಗು. ಹೊಸ ಪಲ್ಲವಿ ಬರೆಯಬೇಕಾಗುತ್ತದೆ. ಪ್ರಾಸ ತಪ್ಪಿದರೆ ತಪ್ಪಲಿ, ಅದನ್ನು ಆಮೇಲೆ ಒಟ್ಟಿಗೆ ಕೂತು ಸರಿಮಾಡೋಣ.

ಪ್ರೀತಿಯಿಂದ,
ನಿನ್ನ ಹಿರಿಯ ಗೆಳೆಯ