ಅನಿಮೆಗೆ ಕನ್ನಡ ಸಬ್‌ಟೈಟಲ್ ಕೊಡಿ

ಮಾನ್ಯ ಸಂಪಾದಕರೇ,

ರಜೆ ಶುರುವಾದಾಗಿನಿಂದ ನಿಮ್ಮ ಓದುಗರ ಪುಟದಲ್ಲಿ ಕಾರ್ಟೂನ್ ಬೈಯುವ ಪತ್ರಗಳು ಬರುತ್ತಲೇ ಇವೆ. ಮೊನ್ನೆಯಂತೂ ಒಬ್ಬರು ‘ಜಪಾನಿನ ಅನಿಮೆ ಹುಚ್ಚು ಈಗ ದೊಡ್ಡವರಿಗೂ ಹತ್ತಿದೆ’ ಎಂದು ಮರುಗಿದ್ದರು. ಅನಿಮೆ ಅಂದರೆ ಜಪಾನಿನ ಕಾರ್ಟೂನ್ ಚಿತ್ರಗಳು. ಆ ಹುಚ್ಚು ಹತ್ತಿದ ದೊಡ್ಡವರಲ್ಲಿ ನಾನೂ ಒಬ್ಬ. ವಯಸ್ಸು 68. ತಿಪಟೂರಿನ ಟಾಕೀಸಿನಲ್ಲಿ ಆಪರೇಟರ್ ಆಗಿದ್ದವನು, ಕಾರ್ಬನ್ ಕಡ್ಡಿ ಉರಿಸಿ ಪ್ರೊಜೆಕ್ಟರ್ ಓಡಿಸಿದ ಕಾಲದವನು. ಆ ಟಾಕೀಸ್ ಈಗ ಕಲ್ಯಾಣ ಮಂಟಪ.

ದಿನಕ್ಕೆ ನಾಲ್ಕು ಆಟ ಅದೇ ಪಿಕ್ಚರ್ ನೋಡಿದವನಿಗೆ ರಿಟೈರ್ ಆದ ಮೇಲೆ ಟಿವಿ ಮುಂದೆ ಕೂರುವ ಆಸೆ ಎಲ್ಲಿಂದ ಬರಬೇಕು? ತುಮಕೂರಿನಲ್ಲಿ ಓದುವ ಮೊಮ್ಮಗಳು ರಜೆಗೆ ಬಂದಾಗ ನೆಟ್‌ಫ್ಲಿಕ್ಸ್‌ನಲ್ಲಿ ‘ಸ್ಪಿರಿಟೆಡ್ ಅವೇ’ ಹಾಕಿದ್ದಳು. ಹಯಾವೊ ಮಿಯಾಝಾಕಿ ಅವರ 2001ರ ಚಿತ್ರ, ಆಸ್ಕರ್ ಬಂದದ್ದು ಎಂಬುದೆಲ್ಲ ಆಮೇಲೆ ತಿಳಿಯಿತು. ಮೊದಲು ನನ್ನನ್ನು ಹಿಡಿದು ಕೂರಿಸಿದ್ದು ಅದರಲ್ಲಿ ಬರುವ ಒಂದು ರೈಲು. ಮಳೆ ಬಂದು ಎಲ್ಲೆಲ್ಲೂ ನೀರು. ಆ ನೀರಿನ ಮೇಲೆ ರೈಲು ಹೋಗುತ್ತದೆ. ಒಳಗೆ ಹುಡುಗಿ ಸುಮ್ನೆ ಕೂತಿದ್ದಾಳೆ. ಪಕ್ಕದಲ್ಲಿ ಮುಖವಾಡದ ಒಂದು ದೆವ್ವ, ಅದೂ ಸುಮ್ನೆ ಕೂತಿದೆ. ಮಾತಿಲ್ಲ, ಫೈಟಿಲ್ಲ. ಸ್ಟೇಷನ್ ಬರುತ್ತದೆ, ಹೋಗುತ್ತದೆ. ನಮ್ಮ ಟಾಕೀಸಿನಲ್ಲಾಗಿದ್ದರೆ ಗಾಂಧಿ ಕ್ಲಾಸಿನಿಂದ ‘ರೀಲ್ ಮುಂದಕ್ಕೆ ಓಡ್ಸಯ್ಯಾ’ ಎಂದು ಕೂಗು ಬೀಳುತ್ತಿತ್ತು. ನಾನು ಮಾತ್ರ ಕೂತಲ್ಲಿಂದ ಅಲ್ಲಾಡಲಿಲ್ಲ.

ಆಮೇಲೆ ಕಂಡದ್ದೆಲ್ಲ ನೋಡಿದೆ. ಟಿವಿಗೆ ಮಾಡಿದ ಧಾರಾವಾಹಿಗಳಲ್ಲಿ ಚಿತ್ರ ಇದ್ದ ಹಾಗೇ ನಿಂತಿರುತ್ತದೆ, ತುಟಿ ಮಾತ್ರ ಅಲ್ಲಾಡುತ್ತದೆ. ಪ್ರೊಜೆಕ್ಟರಿನ ಗೇಟಿನಲ್ಲಿ ಫಿಲಂ ಸಿಕ್ಕಿಕೊಂಡರೆ ಕ್ಷಣದಲ್ಲಿ ಸುಟ್ಟುಹೋಗುತ್ತಿದ್ದ ಕಾಲದವನು ನಾನು, ಅಂಥದ್ದು ಕಂಡರೆ ಈಗಲೂ ಎದೆ ಝಲ್ ಎನ್ನುತ್ತದೆ. ವಿಷಯ ಏನೆಂದರೆ, ಜಪಾನಿನ ಕಾಮಿಕ್ಸ್ ಕಲಾವಿದ ಒಸಾಮು ತೆಝುಕಾ 1963ರಲ್ಲಿ ಟಿವಿಗೆ ‘ಆಸ್ಟ್ರೋ ಬಾಯ್’ ಅನ್ನು ವಾರಕ್ಕೊಂದು ಕಂತು ಕೊಡಲು ಹೊರಟಾಗ ಹಣವೂ ಇರಲಿಲ್ಲ, ಸಮಯವೂ ಇರಲಿಲ್ಲ. ಸೆಕೆಂಡಿಗೆ 24 ಚಿತ್ರ ಬರೆಯುವ ಬದಲು ಒಂದೇ ಚಿತ್ರವನ್ನು ಎರಡು ಮೂರು ಫ್ರೇಮಿಗೆ ಎಳೆದರು. ಬಡತನದಲ್ಲಿ ಕಲಿತ ಆ ಉಪಾಯವೇ ಮುಂದೆ ಅವರ ಶೈಲಿ ಆಯಿತು.

ಇನ್ನೊಂದು ಕಡೆ ನೋಡಿ. ಮಿಯಾಝಾಕಿ ಅವರ 2013ರ ‘ದಿ ವಿಂಡ್ ರೈಸಸ್’ನಲ್ಲಿ ಜನಜಂಗುಳಿಯ ನಾಲ್ಕು ಸೆಕೆಂಡಿನ ಒಂದು ದೃಶ್ಯವಿದೆ. ಅದನ್ನು ಬರೆಯಲು ಐಜಿ ಯಾಮಾಮೊರಿ ಎಂಬ ಕಲಾವಿದರಿಗೆ 15 ತಿಂಗಳು ಹಿಡಿಯಿತಂತೆ. ನಾಲ್ಕು ಸೆಕೆಂಡ್ ಅಂದರೆ 96 ಫ್ರೇಮ್. ನಮ್ಮ 35 ಎಂ.ಎಂ. ಲೆಕ್ಕದಲ್ಲಿ ಆರು ಅಡಿ ಫಿಲಂ. ಕಟ್ ಆದ ರೀಲ್ ಅಂಟಿಸುವಾಗ ಅದಕ್ಕಿಂತ ಜಾಸ್ತಿ ಫಿಲಂ ಕತ್ತರಿಸಿ ನಾನೇ ಬುಟ್ಟಿಗೆ ಎಸೆದಿದ್ದೇನೆ!

ಅನಿಮೆ ಅಂದರೆ ಮಕ್ಕಳ ಆಟ ಅನ್ನುವವರು ಇಸಾವೊ ತಕಾಹಾತಾ ಅವರ ‘ಗ್ರೇವ್ ಆಫ್ ದಿ ಫೈರ್‌ಫ್ಲೈಸ್’ ನೋಡಬೇಕು. 1945ರಲ್ಲಿ ಕೋಬೆ ನಗರದ ಮೇಲೆ ಅಮೆರಿಕದ ವಿಮಾನಗಳು ಬೆಂಕಿ ಬಾಂಬ್ ಸುರಿಯುತ್ತವೆ. ತಾಯಿ ಸತ್ತ ಅಣ್ಣ ತಂಗಿ ಹಸಿವಿನಲ್ಲಿ ಕರಗುತ್ತಾ ಹೋಗುತ್ತಾರೆ. ಪೆಪ್ಪರ್‌ಮೆಂಟಿನ ಖಾಲಿ ಡಬ್ಬಿಗೆ ನೀರು ಹಾಕಿ ಕುಲುಕಿ ಆ ಮಗುವಿಗೆ ಕುಡಿಸುವಾಗ ನನಗೆ ತಡೆಯಲಾಗಲಿಲ್ಲ. ‘ಗೊಂಬೆ ಪಿಕ್ಚರಿಗೆ ಅಳ್ತಿದೀರಲ್ರೀ’ ಎಂದಳು ನನ್ನಾಕೆ. ಹಾಗೆಂದವಳು ತಾನೂ ಎದ್ದು ಹೋಗಲಿಲ್ಲ.

1988ರಲ್ಲಿ ಈ ಚಿತ್ರವನ್ನೂ ಮಿಯಾಝಾಕಿ ಅವರ ‘ಮೈ ನೇಬರ್ ಟೊಟೊರೊ’ವನ್ನೂ ಒಂದೇ ಟಿಕೆಟಿಗೆ ಜೋಡಿಯಾಗಿ ಬಿಡುಗಡೆ ಮಾಡಿದ್ದರಂತೆ. ಒಂದು ಸಾವಿನ ಕಥೆ, ಇನ್ನೊಂದು ಮಳೆಯಲ್ಲಿ ಬಸ್ಸಿಗೆ ಕಾಯುವಾಗ ಕಾಡಿನ ದೊಡ್ಡ ಪ್ರಾಣಿಗೆ ಕೊಡೆ ಕೊಡುವ ಹುಡುಗಿಯ ಕಥೆ. ಆಪರೇಟರ್ ನಾನಾಗಿದ್ದರೆ ಟೊಟೊರೊ ಎರಡನೆಯದಾಗಿ ಹಾಕುತ್ತಿದ್ದೆ. ಜನ ಮನೆಗೆ ಹೋಗಿ ಊಟ ಮಾಡಬೇಕಲ್ವಾ?

ಹಾಗಂತ ಬಂದದ್ದೆಲ್ಲ ಮಕ್ಕಳಿಗೆ ತೋರಿಸಿ ಎನ್ನುವುದಿಲ್ಲ. ‘ಅಟ್ಯಾಕ್ ಆನ್ ಟೈಟನ್’ನಲ್ಲಿ ರಾಕ್ಷಸರು ಮನುಷ್ಯರನ್ನು ಹಿಡಿದು ತಿನ್ನುತ್ತಾರೆ. ನನಗೇ ಆಗಲಿಲ್ಲ. ಅಪ್ಪ ಅಮ್ಮ ಮೊದಲು ನೋಡಿ ಆಮೇಲೆ ಮಕ್ಕಳಿಗೆ ಬಿಡಲಿ. ಆದರೆ ಇದೇನೋ ಈಚೆಗೆ ಬಂದ ಪಿಡುಗು ಅನ್ನುವುದು ಬೇಡ. 1993ರಲ್ಲಿ ದೂರದರ್ಶನದಲ್ಲಿ ಭಾನುವಾರ ಬರುತ್ತಿದ್ದ ‘ಜಂಗಲ್ ಬುಕ್’, ಆ ಮೋಗ್ಲಿ, ಅದೂ ಜಪಾನಿನಲ್ಲೇ ತಯಾರಾದದ್ದು. ಆಗ ಯಾರ ಮಕ್ಕಳೂ ಕೆಟ್ಟ ಹಾಗೆ ಕಾಣಲಿಲ್ಲ.

ನನ್ನ ದೂರು ಬೇರೆ. ನಾನು ಎಸ್‌ಎಸ್‌ಎಲ್‌ಸಿ ಮಾಡಿದ್ದು ಕನ್ನಡ ಮೀಡಿಯಂನಲ್ಲಿ. ಇಂಗ್ಲಿಷ್ ಸಬ್‌ಟೈಟಲ್ ಓದುತ್ತೇನೆ, ಆದರೆ ಎರಡನೇ ಸಾಲು ಮುಟ್ಟುವಷ್ಟರಲ್ಲಿ ಅದು ಮಾಯ. ‘ತಡಿ ಪುಟ್ಟಿ’ ಅನ್ನುತ್ತೇನೆ, ಮೊಮ್ಮಗಳು ನಿಲ್ಲಿಸಿ ಅರ್ಥ ಹೇಳುತ್ತಾಳೆ. ಕಾಲೇಜು ಶುರುವಾಗಿ ಅವಳು ಹೋದರೆ ನನ್ನ ಆಟವೂ ಬಂದ್. ಹಿಂದಿ ಧ್ವನಿ ಹಾಕಿಕೊಂಡರೆ ಇನ್ನೂ ಕಷ್ಟ.

ಜಪಾನಿನ ನಿರ್ದೇಶಕ ಯುಗೋ ಸಾಕೋ ನಮ್ಮ ದೇಶದ ಅನಿಮೇಷನ್ ಕಲಾವಿದ ರಾಮ್ ಮೋಹನ್ ಜೊತೆ ಸೇರಿ 90ರ ದಶಕದ ಆರಂಭದಲ್ಲಿ ರಾಮಾಯಣವನ್ನೇ ಅನಿಮೆ ಮಾಡಿದ್ದರು. 2025ರ ಜನವರಿಯಲ್ಲಿ ಅದನ್ನು ಹೊಸದಾಗಿ ಥಿಯೇಟರುಗಳಿಗೆ ಬಿಟ್ಟಾಗ ಹಿಂದಿ, ತಮಿಳು, ತೆಲುಗು, ಇಂಗ್ಲಿಷ್ ಇತ್ತು. ಕನ್ನಡ ಇರಲಿಲ್ಲ. ಅದೇ ವರ್ಷ ಸೆಪ್ಟೆಂಬರಿನಲ್ಲಿ ಬಂದ ‘ಡೀಮನ್ ಸ್ಲೇಯರ್’ ಅನಿಮೆಯದೂ ಅದೇ ಪಾಡು. ರಾಮನ ಕಥೆಯನ್ನೂ ನಾವು ಪಕ್ಕದವರ ಭಾಷೆಯಲ್ಲಿ ಕೇಳಬೇಕೇ?

ಡಬ್ಬಿಂಗ್ ಬೇಕೋ ಬೇಡವೋ ಎಂಬ ಜಗಳ ನಮ್ಮಲ್ಲಿ ಎಷ್ಟು ದಶಕ ನಡೆಯಿತು ಎಂದು ನಿಮಗೆ ಹೇಳಬೇಕಿಲ್ಲ. ನಾನು ಆ ಜಗಳಕ್ಕೆ ಬರುವುದಿಲ್ಲ. ಜಪಾನಿ ಧ್ವನಿಯೇ ಇರಲಿ, ಕೆಳಗೆ ಕನ್ನಡದ ಎರಡು ಸಾಲು ಬರಲಿ. ಅದಕ್ಕೆ ಸ್ಟುಡಿಯೋ ಬೇಡ, ಕಲಾವಿದರು ಬೇಡ. ಎರಡೂ ಭಾಷೆ ಬಲ್ಲ ಒಬ್ಬರು ಕೂತು ಬರೆದರೆ ಆಯಿತು. ಇಲ್ಲಿ ಟಿಕೆಟ್ ಮಾರುವ ವಿತರಕರು, ಮನೆ ಮನೆಯಿಂದ ತಿಂಗಳ ಚಂದಾ ಪಡೆಯುವ ಓಟಿಟಿಯವರು ಇಷ್ಟು ಮಾಡಲಿ. ಜಪಾನ್ ಫೌಂಡೇಶನ್ ನಡೆಸುವ ಜಪಾನಿ ಚಿತ್ರೋತ್ಸವ ಬೆಂಗಳೂರಿಗೂ ಬರುತ್ತದೆ. ಅಲ್ಲಿ ಒಂದೇ ಒಂದು ಚಿತ್ರಕ್ಕಾದರೂ ಕನ್ನಡ ಸಬ್‌ಟೈಟಲ್ ಹಾಕಿ ನೋಡಲಿ. ತಿಪಟೂರಿನಿಂದ ರೈಲು ಹತ್ತಿ ಬರಲು ನಾನು ತಯಾರು. ಅಕ್ಷರ ಮಾತ್ರ ದಪ್ಪಗಿರಲಿ, ಓದಿ ಮುಗಿಯುವ ತನಕ ಪರದೆ ಮೇಲೆ ನಿಲ್ಲಲಿ.

– ಒಬ್ಬ ಹಳೇ ಟಾಕೀಸ್ ಆಪರೇಟರ್, ತಿಪಟೂರು